ಬೇಕರಿ ಬೆಕ್ಕು ಕುಡಿದ ಹಾಲು

ಜೂನ್ ೧೧

ಅಪ್ಪಾ,

ಫೋನು ಮಾಡೋಣ ಎಂದುಕೊಂಡೆ. ಆದರೆ ಹಿಟ್ಟು ನಾದುವ ಯಂತ್ರದ ಪಕ್ಕ ಮೂವತ್ತೈದು ವರ್ಷ ನಿಂತ ನಿಮ್ಮ ಕಿವಿಗೆ ಕೇಳಿಸುವಷ್ಟು ಗಟ್ಟಿಯಾಗಿ ನಾನು ಕೂಗಿದರೆ, ನಿಮಗಿಂತ ಮೊದಲು ನಮ್ಮ ಬೀದಿಗೆಲ್ಲ ಸುದ್ದಿ ಮುಟ್ಟುತ್ತದೆ. ಅದಕ್ಕೇ ಈ ಕಾಗದ. ಮೂರು ವರ್ಷದಲ್ಲಿ ನಾವಿಬ್ಬರೂ ಬರೆದುಕೊಂಡದ್ದು ಎರಡು ಕಾರ್ಡು. ಇದು ಸ್ವಲ್ಪ ಉದ್ದವಾಗುತ್ತದೆ, ಕೂತು ಓದಿ.

ನನಗೀಗ ಆರು ತಿಂಗಳು ತುಂಬಿದೆ. ಮಗು ಚೆನ್ನಾಗಿದೆ. ಹಳೆಯ ಕಾಯಿಲೆ ಮರುಕಳಿಸಿಲ್ಲ, ಪರೀಕ್ಷೆಗಳೆಲ್ಲ ಆಗಿವೆ. ಡಾಕ್ಟರು ಸೆಪ್ಟೆಂಬರ್ ಒಂಬತ್ತಕ್ಕೆ ಆಪರೇಷನ್ ಮಾಡಿಯೇ ಹೆರಿಗೆ ಎಂದಿದ್ದಾರೆ. ಆಮೇಲೆ ಆರು ದಿನ ಆಸ್ಪತ್ರೆಯಲ್ಲಿ ಇರಬೇಕು. ನನಗೆ ಹೆರಿಗೆಯ ಹೆದರಿಕೆ ಇಲ್ಲ, ಆ ಆರು ದಿನದ್ದೇ ಹೆದರಿಕೆ.

ಯಾಕೆಂದರೆ ನಮ್ಮ ಮಗುವಿಗೆ ಮೊದಲ ದಿನದಿಂದಲೇ ಡಬ್ಬಿ ಹಾಲು. ಮೂರು ವರ್ಷದ ಹಿಂದಿನ ಆಪರೇಷನ್‌ನಲ್ಲಿ ನನ್ನ ಎರಡೂ ಎದೆಗಳನ್ನು ತೆಗೆದರು. ಇದನ್ನು ನಿಮಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಕ್ಕಿಲ್ಲ. ಈಗ ನಾನು ಹೇಳಿದ್ದೇನೆ. ಎರಡು ಸಲ ಓದಬೇಡಿ, ಮುಂದಿನ ಸಾಲಿಗೆ ಹೋಗಿ.

ವಾರ್ಡಿನಲ್ಲಿ ಇಪ್ಪತ್ತು ಹಾಸಿಗೆ. ಇಪ್ಪತ್ತು ಅಜ್ಜಿಯರು ಬಂದು ‘ಹಾಲು ಬಂತಾ? ಯಾಕೆ ಬರಲಿಲ್ಲ? ಪ್ರಯತ್ನ ಪಡಮ್ಮಾ’ ಎನ್ನುತ್ತಾರೆ. ನನ್ನ ಮಗು ಎಲ್ಲ ಮಕ್ಕಳ ಹಾಗೆ ಮೈ ತುಂಬಿಕೊಂಡು ಮನೆಗೆ ಬರಬೇಕು ಅಪ್ಪಾ. ಡಬ್ಬಿ ಹಾಲಿನ ಕೂಸು ಬಡಕಲಾಯಿತು ಎಂದು ಒಬ್ಬರ ಬಾಯಲ್ಲೂ ಬರಬಾರದು. ಅದೊಂದು ಸಾಧಿಸಿದರೆ ನನಗೆ ಸಾಕು.

ನೀವು ಬರಬೇಕೆಂದು ಇದನ್ನು ಬರೆಯುತ್ತಿಲ್ಲ. ಹೋದ ಸಲ ಅದೇ ಆಸ್ಪತ್ರೆಗೆ ನೀವು ಬರಲಿಲ್ಲ, ನಿಮ್ಮ ಬ್ರೆಡ್ಡು ಬಂತು. ಪಾರ್ಸೆಲ್ ಬಂದಿದೆ ಎಂದು ಗೇಟಿನ ಕಾವಲಿನವರು ತಂದುಕೊಟ್ಟರು. ಈ ಸಲ ಬ್ರೆಡ್ಡೂ ಬೇಡ.

ನಿಮ್ಮ ಮಗಳು


ಜೂನ್ ೨೦

ಬನ್ನು,

ನಿನ್ನ ಕಾಗದವನ್ನು ಎರಡು ಸಲವಲ್ಲ, ಐದು ಸಲ ಓದಿದೆ. ಹಿಟ್ಟಿನ ಕೈಯಲ್ಲಿ ಹಿಡಿದು ಮೂಲೆಗಳೆಲ್ಲ ಅಂಟಾಗಿವೆ. ಆ ದಿನ ಒಲೆಯಲ್ಲಿದ್ದ ಒಂದು ತಟ್ಟೆ ಬ್ರೆಡ್ಡು ಇದ್ದಿಲಾಯಿತು. ಮೂವತ್ತೈದು ವರ್ಷದಲ್ಲಿ ಹಾಗಾದದ್ದು ಎರಡನೇ ಸಲ. ಮೊದಲನೆಯದು ನೀನು ಹುಟ್ಟಿದ ದಿನ.

ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು. ನನಗೆ ಅದರ ಬಗ್ಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ, ಅದಕ್ಕೆ ಬರೆಯುವುದಿಲ್ಲ.

ಡಬ್ಬಿ ಹಾಲು ಅಂದರೆ ಪುಡಿ ತಾನೇ? ಪುಡಿ, ನೀರು, ಅಳತೆ. ಇದರಲ್ಲಿ ಹೆದರುವುದಕ್ಕೆ ಏನಿದೆ? ನಾನು ಜೀವಮಾನವಿಡೀ ಮಾಡಿದ್ದು ಅದನ್ನೇ. ಯಾವ ಡಬ್ಬಿ, ಹೇಗೆ ಕಲಸುತ್ತಾರೆ, ಎಲ್ಲ ವಿವರವಾಗಿ ಬರೆ. ಸುಮ್ಮನೆ ತಿಳಿದುಕೊಳ್ಳುವುದಕ್ಕೆ.

ಬರುವ ಮಾತು ಎತ್ತಬೇಡ. ಒಲೆ ಬಿಟ್ಟು ಬರಲಾಗುವುದಿಲ್ಲ.

ಅಪ್ಪ


ಜುಲೈ ೬

ಅಪ್ಪಾ,

ನನಗೆ ಮೂವತ್ತೆರಡು ವರ್ಷ, ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿ ನನ್ನ ಕೈಕೆಳಗೆ ಇಬ್ಬರಿದ್ದಾರೆ. ಬನ್ನು ಎಂದು ಕರೆಯುವುದನ್ನು ಇನ್ನಾದರೂ ಬಿಡಿ.

ಡಬ್ಬಿಯ ಚೀಟಿ ಇದರೊಂದಿಗೆ ಇಟ್ಟಿದ್ದೇನೆ. ಕಲಸುವ ಕ್ರಮ ಇದು. ಮೊದಲು ನೀರು, ಆಮೇಲೆ ಪುಡಿ. ನೀರನ್ನು ಕುದಿಸಿ ಇಳಿಸಬೇಕು, ಅರ್ಧ ಗಂಟೆಗಿಂತ ಹೆಚ್ಚು ಆರಲು ಬಿಡಬಾರದು. ಬಾಟಲಿಗೆ ಅರವತ್ತರ ಗೆರೆಯವರೆಗೆ ನೀರು, ಅದಕ್ಕೆ ಡಬ್ಬಿಯೊಳಗಿನ ಚಮಚದಲ್ಲಿ ಒಂದೇ ಒಂದು ಚಮಚ ಪುಡಿ, ಚಾಕುವಿನ ಬೆನ್ನಿನಿಂದ ಸಮ ಮಾಡಿ. ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡಬೇಕು. ಮಗು ಕುಡಿದು ಉಳಿದದ್ದನ್ನು ಚೆಲ್ಲಬೇಕು, ಎತ್ತಿಡುವ ಹಾಗಿಲ್ಲ. ಮೊದಲ ದಿನಗಳಲ್ಲಿ ಅದರ ಹೊಟ್ಟೆ ಎಷ್ಟು ಚಿಕ್ಕದೆಂದರೆ ಚೆಲ್ಲುವುದೇ ಹೆಚ್ಚು.

ಅತ್ತೆ ಇದನ್ನೆಲ್ಲ ನನಗೆ ದಿನಾ ಬಾಯಿಪಾಠ ಒಪ್ಪಿಸಲು ಹೇಳುತ್ತಾರೆ. ಹೆಡ್‌ಮಿಸ್ಸಾಗಿ ನಿವೃತ್ತರಾದವರು ಸೊಸೆ ಸಿಕ್ಕರೆ ಬಿಡುತ್ತಾರೆಯೇ? ನಿನ್ನೆ ‘ಉಳಿದದ್ದನ್ನು ಚೆಲ್ಲಬೇಕು’ ಎನ್ನುವುದನ್ನು ಮರೆತೆ. ‘ಮತ್ತೆ ಮೊದಲಿಂದ ಹೇಳು’ ಎಂದರು. ಹೊಟ್ಟೆ ಹೊತ್ತುಕೊಂಡು ನಿಂತೇ ಹೇಳಿದೆ.

ನಿಮ್ಮ ಮಗಳು


ಜುಲೈ ೧೯

ಬನ್ನು,

ಸುಮ್ಮನೆ ತಿಳಿದುಕೊಳ್ಳುವುದಕ್ಕೆಂದು ನಿನ್ನ ಚೀಟಿಯದೇ ಒಂದು ಡಬ್ಬಿ ಕೊಂಡೆ. ಔಷಧಿ ಅಂಗಡಿಯವನು ‘ಈ ವಯಸ್ಸಲ್ಲಿ ಯಾರಿಗೆ ಸ್ವಾಮಿ?’ ಎಂದ. ಬೆಕ್ಕಿಗೆ ಎಂದೆ. ಅದು ಸುಳ್ಳೂ ಆಗಲಿಲ್ಲ.

ಮೊದಲ ಸಲ ಪುಡಿ ಹಾಕಿ ನೀರು ಹೊಯ್ದೆ, ಕೈ ಹಳೆಯ ದಾರಿಯಲ್ಲೇ ಹೋಯಿತು. ಗಂಟು ಗಂಟಾಗಿ ಬಿಸ್ಕತ್ತಿನ ಹಿಟ್ಟಿನ ಹಾಗಾಯಿತು. ಎರಡನೇ ಸಲ ಸರಿಹೋಯಿತು. ಆದರೆ ನಿಮ್ಮ ಚಮಚದ ಅಳತೆ ಮೋಸ ಮಾರಾಯಿತಿ. ಪುಡಿಯೊಳಗೆ ಬರೀ ಗಾಳಿ. ಅದಕ್ಕೆ ಚಮಚವನ್ನು ಎರಡು ಸಲ ಮೇಜಿಗೆ ಕುಟ್ಟಿ, ಇಳಿದ ಜಾಗಕ್ಕೆ ಮತ್ತೆ ಪುಡಿ ತುಂಬಿ ಹಾಕಿದೆ. ಹಿಟ್ಟನ್ನು ಅಳೆಯುವುದು ಹಾಗೆಯೇ. ಹಾಲು ಎಷ್ಟು ಗಟ್ಟಿ ಬಂತು ಗೊತ್ತೇ! ಬೇಕರಿಯ ಬೆಕ್ಕು ಕಣ್ಣು ಮುಚ್ಚಿ ಕುಡಿಯಿತು. ಕುಡಿದ ಮೇಲೆ ಎದ್ದು ಹೋಗಿ ಒಂದು ಬಟ್ಟಲು ನೀರನ್ನೂ ಬರಿದು ಮಾಡಿತು. ಅಷ್ಟು ದಾಹ ಯಾಕೋ ಅರ್ಥವಾಗಲಿಲ್ಲ. ನೀನೂ ಕುಟ್ಟಿಯೇ ಹಾಕು, ಮಗು ಗುಂಡಗಾಗುತ್ತದೆ.

ಒಂದು ಮಾತು. ನಮ್ಮ ಉಪ್ಪಿನ ಡಬ್ಬ, ಸಕ್ಕರೆ ಡಬ್ಬಗಳಿಗೆ ನಿಮ್ಮಮ್ಮ ಕಟ್ಟಿದ ದಾರಗಳು ನೆನಪಿವೆಯೇ? ಮದುವೆಯಾದ ಹೊಸದರಲ್ಲಿ ನಾನು ಸಕ್ಕರೆಯ ಅಳತೆಯಲ್ಲಿ ಉಪ್ಪು ಹಾಕಿ ಇನ್ನೂರು ಬನ್ನು ಹಾಳು ಮಾಡಿದ್ದೆ. ಅವತ್ತೇ ಅವಳು ಪ್ರತಿ ಅಳತೆಯನ್ನೂ ಅದರದರ ಡಬ್ಬಕ್ಕೆ ದಾರದಲ್ಲಿ ಬಿಗಿದಳು. ಬಾಯಿ ಬಿಟ್ಟು ಒಂದು ಮಾತು ಬೈಯಲಿಲ್ಲ. ದಾರ ಎಷ್ಟೋ ಸಲ ಬದಲಾಗಿದೆ, ಗಂಟು ಅವಳದೇ ತರಹ ಹಾಕುತ್ತೇನೆ.

ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಒಬ್ಬನೇ ಹಿಂದಿರುಗಿದ ಮೇಲೆ ಆ ವಾಸನೆಯೇ ನನಗೆ ಆಗುವುದಿಲ್ಲ. ನಿನಗೆ ಗೊತ್ತು. ಗೊತ್ತಿಲ್ಲದಿದ್ದರೆ ಈಗ ಗೊತ್ತಾಯಿತು.

ಅಪ್ಪ


ಜುಲೈ ೨೫

ಅಪ್ಪಾ,

ಕೂಡಲೇ ಬರೆಯುತ್ತಿದ್ದೇನೆ. ಕುಟ್ಟಬೇಡಿ! ನಿಮ್ಮದು ಯಾವಾಗಲೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕುಟ್ಟಿ ತುಂಬಿದರೆ ಪುಡಿ ಹೆಚ್ಚಾಗಿ ಹಾಲು ಗಟ್ಟಿಯಾಗುತ್ತದೆ, ಮಗುವಿಗೆ ದಾಹವಾಗುತ್ತದೆ, ಹೊಟ್ಟೆ ಕಟ್ಟುತ್ತದೆ. ಬೆಕ್ಕು ಎದ್ದು ಹೋಗಿ ನೀರು ಕುಡಿಯಿತು. ಕೂಸು ಎದ್ದು ಹೋಗುತ್ತದೆಯೇ? ಅಳುತ್ತದೆ, ಅಷ್ಟೇ. ಹಸಿವೆಂದು ತಿಳಿದು ನಾವು ಇನ್ನಷ್ಟು ಗಟ್ಟಿ ಹಾಲು ಕೊಡುತ್ತೇವೆ. ಪುಡಿ ಕಡಿಮೆಯಾದರೂ ಕೇಡು. ಕುಡಿಯುತ್ತದೆ, ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಕುಟ್ಟದೆ, ಒತ್ತದೆ, ಸಮ ಮಾಡಿದ ಒಂದು ಚಮಚ. ಅದೇ ಅಳತೆ.

ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದೆವು. ವಾರ್ಡಿನೊಳಗೆ ಬಿಸಿನೀರು ಇಟ್ಟುಕೊಳ್ಳುವ ಹಾಗಿಲ್ಲ. ಪಕ್ಕದಲ್ಲೇ ಹಾಲಿನ ಕೋಣೆ ಎಂದಿದೆ. ಒಡೆಯದ ಡಬ್ಬಿಯ ಮೇಲೆ ಹಾಸಿಗೆಯ ನಂಬರು ಅಂಟಿಸಿ ಅಲ್ಲಿ ಕೊಡಬೇಕು, ಆಯಾ ಕಲಸಿ ತರುತ್ತಾಳೆ. ನಾನೇ ಕಲಸುತ್ತೇನೆ ಎಂದೆ. ಹಿರಿಯ ನರ್ಸು ‘ಹೊಲಿಗೆ ಹಾಕಿಸ್ಕೊಂಡು ಎದ್ದು ಓಡಾಡ್ತೀಯಾ? ಸುಮ್ನೆ ಮಲಕ್ಕೋ’ ಎಂದರು. ಅಷ್ಟು ತಯಾರಿ ಮಾಡಿ ಕೊನೆಗೆ ಬೇರೆಯವರ ಕೈಗೆ ಕೊಡುವುದು ನನಗೆ ಹಿಡಿಸಲಿಲ್ಲ, ಆದರೂ ಒಪ್ಪಿದೆ.

ಪ್ರಶ್ನೆ ಕೇಳುವ ಅಜ್ಜಿಯರಿಗೆ ಅತ್ತೆಯೇ ಮದ್ದು ಕಂಡುಹಿಡಿದಿದ್ದಾರೆ. ಹಾಸಿಗೆಗೆ ತೂಗುಹಾಕಲು ದುಂಡಗಿನ ಅಕ್ಷರದಲ್ಲಿ ಒಂದು ರಟ್ಟು ಬರೆದಿದ್ದಾರೆ: ‘ಈ ಮಗುವಿಗೆ ಬಾಟಲಿ ಹಾಲು. ಕಾರಣ ವೈದ್ಯರಿಗೆ ಗೊತ್ತಿದೆ. ಹೆಚ್ಚಿನ ವಿವರ ಬೇಕಾದವರು ಮಗುವಿನ ಅಜ್ಜಿಯನ್ನು ಕಾಣುವುದು.’ ಓದಿ ನಕ್ಕೆ. ಆಮೇಲೆ ಒಳಗೆ ಹೋಗಿ ಅತ್ತುಬಿಟ್ಟೆ. ಅಮ್ಮನ ದಾರ ಚೆನ್ನಾಗಿ ನೆನಪಿದೆ.

ಮಗಳು


ಆಗಸ್ಟ್ ೩೦

ಬನ್ನು,

ಕುಟ್ಟುವುದನ್ನು ಬಿಟ್ಟು ಐದು ವಾರವಾಯಿತು. ಈಗ ಎರಡನೇ ಡಬ್ಬಿ. ಬೆಕ್ಕು ಅಳತೆಯ ಹಾಲು ಕುಡಿದು ಒಳ್ಳೆಯ ಮೈ ಬಂದು ಮಿರಿಮಿರಿ ಮಿಂಚುತ್ತಿದೆ. ನೀರಿನ ಬಟ್ಟಲಿನ ತಂಟೆಗೆ ಹೋಗುವುದಿಲ್ಲ. ಕಣ್ಣು ಮುಚ್ಚಿ ಚಮಚ ಹಿಡಿದರೂ ಈಗ ನನಗೆ ಅಳತೆ ಗೊತ್ತಾಗುತ್ತದೆ.

ಒಲೆ ಬಿಟ್ಟು ಬರಲಾಗುವುದಿಲ್ಲ ಎಂದು ಮೊದಲೇ ಬರೆದಿದ್ದೇನೆ. ಧೈರ್ಯವಾಗಿ ಹೋಗಿ ಬಾ.

ಅಪ್ಪ


ಸೆಪ್ಟೆಂಬರ್ ೧೦

ಅಪ್ಪಾ,

ಕಾರ್ಡಿನಲ್ಲಿ ಜಾಗ ಕಡಿಮೆ. ನಿನ್ನೆ ಬೆಳಗ್ಗೆ ಹೆಣ್ಣು. ಎರಡು ಕಿಲೋ ಒಂಬೈನೂರು. ಮೂಗು ನಿಮ್ಮದು, ಪಾಪ. ಮೊದಲ ಬಾಟಲಿಯನ್ನು ನಾನೇ ಹಿಡಿದೆ. ಹೆರಿಗೆ ವಾರ್ಡು, ಒಂಬತ್ತನೇ ಹಾಸಿಗೆ. ಸುಮ್ಮನೆ ತಿಳಿದಿರಲಿ ಎಂದು ಬರೆದೆ.

ಮಗಳು


ಸೆಪ್ಟೆಂಬರ್ ೧೨, ಮಧ್ಯಾಹ್ನ

ಅಪ್ಪಾ,

ಯಾರಿಗಾದರೂ ಹೇಳಬೇಕು. ಅತ್ತೆಗೆ ಹೇಳಿದರೆ ಅವರೂ ಅಳುತ್ತಾರೆ. ನಿಮ್ಮ ಅಳಿಯ ಕ್ರೇನು ಹತ್ತಿದರೆ ಇಳಿಯುವುದು ಸಂಜೆ ಆರಕ್ಕೆ, ಅಷ್ಟರಲ್ಲಿ ಇಲ್ಲಿ ಬಾಗಿಲು ಹಾಕುತ್ತಾರೆ.

ಕೂಸು ಇಳಿಯುತ್ತಿದೆ. ಇವತ್ತು ಬೆಳಗ್ಗೆ ಎರಡು ಕಿಲೋ ಆರುನೂರ ಮೂವತ್ತು. ಹುಟ್ಟಿದ ಮೇಲೆ ಸ್ವಲ್ಪ ಇಳಿಯುವುದು ಸಹಜ, ಇಷ್ಟು ಸಹಜವಲ್ಲ ಎಂದರು ಡಾಕ್ಟರು. ಹಾಲು ಬೇಡವೆನ್ನುವುದಿಲ್ಲ, ಬಾಟಲಿ ಬರಿದು ಮಾಡುತ್ತಾಳೆ. ಆಮೇಲೂ ಅಳುತ್ತಾಳೆ. ನಾಳೆ ಬೆಳಗ್ಗೆ ಇನ್ನೂ ಇಳಿದಿದ್ದರೆ ನನ್ನಿಂದ ತೆಗೆದು ಬೇರೆ ವಾರ್ಡಿನಲ್ಲಿಟ್ಟು ಸೂಜಿ ಹಾಕುತ್ತಾರಂತೆ. ಪಕ್ಕದ ಹತ್ತನೇ ಹಾಸಿಗೆಯ ಗಂಡು ಕೂಸಿಗೂ ಡಬ್ಬಿ ಹಾಲೇ, ತಾಯಿಗೆ ಏನೋ ಔಷಧಿ ನಡೆಯುತ್ತಿದೆ. ಅದೂ ದಿನವಿಡೀ ಕಿರುಚುತ್ತದೆ.

ರಟ್ಟು ನೋಡಿ ಯಾರೂ ಏನೂ ಕೇಳಲಿಲ್ಲ. ಆದರೆ ತೂಕದ ಚೀಟಿ ನೋಡಿ ಎದುರಿನ ಹಾಸಿಗೆಯ ಅಜ್ಜಿ ‘ಡಬ್ಬಿ ಹಾಲು ಮೈಗೆ ಹತ್ತಲ್ಲಮ್ಮಾ’ ಎಂದು ಬಿಟ್ಟರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಮೂರು ತಿಂಗಳು ನಾನು ಕಲಿತದ್ದೆಲ್ಲ ಇಷ್ಟೇನೇ? ನನ್ನ ಮೈಯಲ್ಲಿ ಇಲ್ಲದ್ದನ್ನು ಯಾವ ಡಬ್ಬಿಯೂ ತುಂಬುವುದಿಲ್ಲವೇ?

ಈ ಕಾಗದವನ್ನು ಅಂಚೆಗೆ ಹಾಕಲು ಅತ್ತೆಯ ಕೈಗೆ ಕೊಡುತ್ತಿದ್ದೇನೆ. ಇದು ನಿಮ್ಮನ್ನು ಮುಟ್ಟುವ ಹೊತ್ತಿಗೆ ಏನಾಗಿರುತ್ತದೋ.

ಬನ್ನು


ಸೆಪ್ಟೆಂಬರ್ ೧೨, ಸಂಜೆ ಏಳು ಗಂಟೆ
ಆಸ್ಪತ್ರೆಯ ಎದುರಿನ ವಸತಿಗೃಹ

ಬನ್ನು,

ನೀನು ಅಂಚೆಗೆಂದು ಕೊಟ್ಟ ಕಾಗದವನ್ನು ಬೀಗಿತ್ತಿ ನನ್ನ ಕೈಯಲ್ಲೇ ಇಟ್ಟರು. ಇವತ್ತು ಬೆಳಗ್ಗೆ ಕಾರ್ಡು ಬಂತು, ಒಲೆ ಆರಿಸಿ ಮೊದಲ ಬಸ್ಸು ಹತ್ತಿದೆ. ಗೇಟಿನಲ್ಲಿ ಕಾಲು ನಿಂತಿತು, ಅದೇ ವಾಸನೆ. ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ಆಮೇಲೆ ಒಂಬತ್ತನೇ ಹಾಸಿಗೆ, ಒಂಬತ್ತನೇ ಹಾಸಿಗೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಒಳಗೆ ಬಂದೆ.

ವಾರ್ಡಿನಲ್ಲಿ ನಡೆದದ್ದು ನಿನಗೆ ಗೊತ್ತು. ಹಾಲಿನ ಕೋಣೆಯಲ್ಲಿ ನಡೆದದ್ದನ್ನು ಬೀಗಿತ್ತಿ ತಮ್ಮ ಮೂಗಿನ ನೇರಕ್ಕೆ ಹೇಳಿರುತ್ತಾರೆ, ನಿಜ ನನ್ನಿಂದ ಕೇಳು.

ಕೂಸನ್ನು ನೋಡಿ ನನ್ನ ಕಣ್ಣು ಮಂಜಾಗಿತ್ತು, ಅದಕ್ಕೆ ಬಾಟಲಿಯ ಕಡೆ ನೋಡಿದೆ. ಓರೆ ಮಾಡಿದೆ. ಹಾಲು ಗಾಜಿನ ಮೇಲಿಂದ ನೀರಿನ ಹಾಗೆ ಜಾರಿತು, ಹಿಂದೆ ಬಿಳಿ ಪೊರೆ ಉಳಿಯಲಿಲ್ಲ. ಎರಡು ತಿಂಗಳು ನೋಡಿದ ಹಾಲು ನನಗೆ ಗೊತ್ತಾಗುವುದಿಲ್ಲವೇ? ‘ಇದು ನನ್ನ ಬೆಕ್ಕು ಕುಡಿದ ಹಾಲಲ್ಲ!’ ಎಂದೆ. ಕಿವಿ ಮಂದ ಇರುವವನಿಗೆ ತನ್ನ ದನಿ ತಿಳಿಯುವುದಿಲ್ಲ. ಇಪ್ಪತ್ತು ಹಾಸಿಗೆಗೂ ಕೇಳಿಸಿತಂತೆ, ಕ್ಷಮಿಸು.

ಬಾಟಲಿ ಹಿಡಿದು ಹಾಲಿನ ಕೋಣೆಗೆ ನಡೆದೆ. ಬೀಗಿತ್ತಿ ಹಿಂದೆಯೇ ಬಂದು ‘ನಿಲ್ಲಿ, ಗಂಡಸರು ಹೋಗಬಾರದು!’ ಎಂದು ಕೂಗುತ್ತಿದ್ದರಂತೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಆಮೇಲೆ ಹೇಳಿದರು. ಒಳಗೆ ಆಯಾ ಇದ್ದಳು. ಒಂಬತ್ತರ ಡಬ್ಬಿ ತೋರಿಸಮ್ಮಾ ಎಂದೆ. ತೆಗೆದಳು. ನೀರು ಮೊದಲು, ಪುಡಿ ಆಮೇಲೆ, ಕುಟ್ಟದೆ, ಸಮ ಮಾಡಿ. ಎಲ್ಲ ಸರಿಯಾಗಿಯೇ ಮಾಡಿ ತೋರಿಸಿದಳು ಪಾಪ. ನಾನು ಜೇಬಿನಿಂದ ನಮ್ಮ ಡಬ್ಬಿಯ ಚಮಚ ತೆಗೆದು ಅವಳ ಕೈಯ ಚಮಚದ ಪಕ್ಕ ಹಿಡಿದೆ. ಯಾಕೆ ಜೇಬಿನಲ್ಲಿತ್ತು ಎಂದು ಕೇಳಬೇಡ, ಎರಡು ತಿಂಗಳಿಂದ ಅಲ್ಲೇ ಇದೆ.

ಅವಳದು ಅರ್ಧ ಇತ್ತು.

ಹತ್ತನೇ ಹಾಸಿಗೆಯವರದು ಬೇರೆ ಕಂಪನಿಯ ಡಬ್ಬಿ. ಅದರ ಚಮಚ ಚಿಕ್ಕದು, ಅರವತ್ತರ ನೀರಿಗೆ ಎರಡು ಹಾಕಬೇಕು. ಮೊದಲ ದಿನ ಚಮಚಗಳನ್ನೆಲ್ಲ ತೊಳೆದು ಒಂದೇ ತಟ್ಟೆಯಲ್ಲಿ ಒಣಗಿಸಿ ಮತ್ತೆ ಡಬ್ಬಿಗಳಿಗೆ ಹಾಕುವಾಗ ಅದಲು ಬದಲಾಗಿದೆ. ನಮ್ಮ ಕೂಸಿಗೆ ಅರ್ಧ ಹಾಲು, ಅರ್ಧ ನೀರು. ಆ ಗಂಡು ಕೂಸಿಗೆ ಎರಡರಷ್ಟು ಗಟ್ಟಿ. ನಮ್ಮವಳು ಹಸಿದು ಅಳುತ್ತಿದ್ದಳು, ಅವನು ದಾಹದಿಂದ ಅಳುತ್ತಿದ್ದ. ನನ್ನ ಬೆಕ್ಕಿನ ನೀರಿನ ಬಟ್ಟಲು ನೆನಪಾಯಿತು.

ಹಿರಿಯ ನರ್ಸು ಬಂದರು, ಡಾಕ್ಟರು ಬಂದರು. ನಾನು ಎರಡು ಚಮಚ ತೋರಿಸಿದೆ. ಡಾಕ್ಟರು ಎರಡೂ ಹಾಸಿಗೆಯ ಬಾಟಲಿಗಳನ್ನು ತೊಟ್ಟಿಗೆ ಸುರಿದು, ಹೊಸದಾಗಿ ಕಲಸಲು ಹೇಳಿ, ಗಂಡು ಕೂಸನ್ನು ನೋಡಲು ಓಡಿದರು. ಆಯಾ ಅಳತೊಡಗಿದಳು. ‘ಅಳಬೇಡ ತಾಯಿ, ನಾನು ಇನ್ನೂರು ಬನ್ನಿಗೆ ಉಪ್ಪು ಹಾಕಿದವನು’ ಎಂದೆ. ಚಮಚವನ್ನು ಡಬ್ಬಿಗೆ ದಾರದಲ್ಲಿ ಕಟ್ಟಿ ಎಂದು ನರ್ಸಿಗೆ ಹೇಳಿದೆ. ದಾರದಲ್ಲಿ ಕೊಳೆ ಸೇರುತ್ತದೆ ಎಂದು ಬೈದರು. ಬೈದು, ಪ್ರತಿ ಚಮಚದ ಹಿಡಿಗೂ ಹಾಸಿಗೆಯ ನಂಬರು ಅಂಟಿಸಿದರು. ನಿಮ್ಮಮ್ಮನ ಕೆಲಸವೇ ಅದು, ದಾರವೊಂದು ಇಲ್ಲ.

ನಿನ್ನ ಮೈಯಲ್ಲಿ ಏನೂ ಕಡಿಮೆಯಿಲ್ಲ. ಕಡಿಮೆಯಿದ್ದದ್ದು ಚಮಚದಲ್ಲಿ. ಇದನ್ನು ಮಾತ್ರ ಐದು ಸಲ ಓದು.

ನಾಳೆ ನಾಲ್ಕಕ್ಕೆ ಬಾಗಿಲು ತೆರೆದ ಕೂಡಲೇ ಬರುತ್ತೇನೆ.

ಅಪ್ಪ


ಸೆಪ್ಟೆಂಬರ್ ೧೪

ಅಪ್ಪಾ,

ಒಲೆಯ ಚಿಂತೆಯೆಂದು ನಿನ್ನೆ ಸಂಜೆಯೇ ಹೊರಟುಬಿಟ್ಟಿರಿ, ಒಳ್ಳೆಯ ಸುದ್ದಿಯ ಅರ್ಧ ತಪ್ಪಿಸಿಕೊಂಡಿರಿ. ನಿನ್ನೆ ಬೆಳಗ್ಗೆ ಇಪ್ಪತ್ತು ಗ್ರಾಂ ಏರಿದ್ದಳಲ್ಲ, ಇವತ್ತು ಇನ್ನೂ ನಲವತ್ತು! ತೂಕದ ತಟ್ಟೆಯ ಮೇಲೆ ಅವಳನ್ನು ಮಲಗಿಸಿದಾಗ ವಾರ್ಡಿನಲ್ಲಿ ಎದ್ದು ಓಡಾಡಬಲ್ಲವರೆಲ್ಲ ಸುತ್ತ ನಿಂತಿದ್ದರು. ನರ್ಸು ‘ಎರಡು ಕಿಲೋ ಆರುನೂರ ತೊಂಬತ್ತು’ ಎಂದರು. ಅತ್ತೆ ಚಪ್ಪಾಳೆ ತಟ್ಟಿಬಿಟ್ಟರು, ನಲವತ್ತು ವರ್ಷ ಮಕ್ಕಳಿಗೆ ಗಲಾಟೆ ಮಾಡಬೇಡಿ ಎಂದು ಹೇಳಿದವರು. ಎದುರಿನ ಹಾಸಿಗೆಯ ಅಜ್ಜಿ ಬಂದು ನನ್ನ ಕೆನ್ನೆ ಸವರಿ, ‘ಹತ್ತಿತಲ್ಲಮ್ಮಾ!’ ಎಂದರು. ಹತ್ತಿತು ಅಜ್ಜಿ ಎಂದೆ. ಎಷ್ಟು ಜಂಬವಾಯಿತು ಗೊತ್ತೇ?

ಹತ್ತನೇ ಹಾಸಿಗೆಯ ಮಹಾಶಯನೂ ಸುಧಾರಿಸಿಕೊಂಡು ನಿದ್ದೆ ಮಾಡುತ್ತಿದ್ದಾನೆ. ಅವನ ಅಮ್ಮ ನಿಮ್ಮ ಬೆಕ್ಕಿನ ಹೆಸರು ಕೇಳಿದಳು. ಬೆಕ್ಕೇ ಎಂದೆ. ನಾನೀಗ ಎದ್ದು ನಡೆಯುತ್ತೇನೆ. ಇವತ್ತು ಮಧ್ಯಾಹ್ನ ಹಾಲಿನ ಕೋಣೆಯಲ್ಲಿ ನರ್ಸಿನ ಎದುರು ನಾನೇ ಒಂದು ಬಾಟಲಿ ಕಲಸಿದೆ. ಬಾಯಿಪಾಠದ ಒಂದು ಸಾಲೂ ತಪ್ಪಲಿಲ್ಲ. ನಾಳೆ ಮನೆಗೆ.

ಇನ್ನೊಂದು ಮಾತು, ಮೂರು ವರ್ಷದಿಂದ ಹೇಳದೆ ಇಟ್ಟುಕೊಂಡದ್ದು. ಹೋದ ಸಲ ಗೇಟಿನವರು ತಂದುಕೊಟ್ಟ ಬ್ರೆಡ್ಡಿನ ಪಾರ್ಸೆಲ್. ನಿಮ್ಮ ಊರಿಂದ ಇಲ್ಲಿಗೆ ಪಾರ್ಸೆಲ್ ಬರಲು ಎರಡು ದಿನ ಬೇಕು. ಆ ಬ್ರೆಡ್ಡು ಅವತ್ತು ಬೆಳಗ್ಗೆ ಬೆಂದದ್ದು, ಕಾಗದದೊಳಗೆ ಇನ್ನೂ ಬೆಚ್ಚಗಿತ್ತು. ಬೇಕರಿಯವನ ಮಗಳಿಗೆ ಅದು ಗೊತ್ತಾಗುವುದಿಲ್ಲ ಎಂದುಕೊಂಡಿರಾ? ನೀವು ಗೇಟಿನವರೆಗೆ ಬಂದು ಹಿಂದಿರುಗಿದ್ದೀರಿ. ಬರಲಿಲ್ಲವಲ್ಲ ಎಂದು ಸಿಟ್ಟಲ್ಲ ಅಪ್ಪಾ, ಅಷ್ಟು ಹತ್ತಿರ ಬಂದು ಒಳಗೆ ಬರಲಿಲ್ಲವಲ್ಲ ಎಂದು ಸಿಟ್ಟು. ಈ ಸಲ ಒಳಗೆ ಬಂದಿರಿ. ಲೆಕ್ಕ ಚುಕ್ತಾ ಆಯಿತು, ಇನ್ನು ಅದರ ಮಾತು ಬೇಡ. ಮುಂದಿನ ಸಲ ಬರುವಾಗ ಬ್ರೆಡ್ಡು ತನ್ನಿ.

ನಿಮ್ಮ ಬನ್ನು


ಸೆಪ್ಟೆಂಬರ್ ೨೮

ಬನ್ನು,

ಬ್ರೆಡ್ಡಿನ ವಿಷಯ ಓದಿ ಯಂತ್ರ ನಿಲ್ಲಿಸಿ ಹಿಟ್ಟಿನ ಮೂಟೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಕಾಗದದ ಮೇಲೆ ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದಿದ್ದೆ, ಅದಕ್ಕೇ ಬೆಚ್ಚಗಿತ್ತು. ಅದರ ಮಾತು ಬೇಡ ಎಂದಿದ್ದೀಯ. ಸರಿ.

ಮೊನ್ನೆ ನಿನ್ನ ಕಾರ್ಡು ಬಂತು: ಮೂರು ಕಿಲೋ ನಲವತ್ತು! ಹುಟ್ಟಿದ ತೂಕವನ್ನೂ ದಾಟಿ ಹೋದಳು ನಮ್ಮ ಹುಡುಗಿ. ನನಗೆ ಯಾರಿಗೆ ಹೇಳುವುದೋ ತಿಳಿಯಲಿಲ್ಲ. ಅಂಗಡಿಯ ಮುಂದೆ ಸೀಮೆಸುಣ್ಣದಲ್ಲಿ ಬ್ರೆಡ್ಡು, ಬನ್ನು, ಬಿಸ್ಕತ್ತು ಎಂದು ಬರೆಯುವ ಕಪ್ಪು ಹಲಗೆ ಇದೆಯಲ್ಲ, ಅದನ್ನು ಪೂರ್ತಿ ಒರೆಸಿ ದೊಡ್ಡದಾಗಿ ‘೩ ಕಿಲೋ ೪೦ ಗ್ರಾಂ’ ಎಂದು ಬರೆದೆ. ಕೆಳಗೆ, ‘ಸೋಮವಾರದಿಂದ ಒಂದು ವಾರ ಅಂಗಡಿ ರಜೆ’. ಬೆಕ್ಕನ್ನು ಔಷಧಿ ಅಂಗಡಿಯವನು ನೋಡಿಕೊಳ್ಳುತ್ತಾನೆ. ಅಳತೆ ಹೇಳಿಕೊಟ್ಟಿದ್ದೇನೆ.

ಹಲಗೆ ನೋಡಿ ಗಿರಾಕಿಯೊಬ್ಬರು ಬಂದು, ಅಷ್ಟು ದೊಡ್ಡದು ಏನು ಮಾಡಿದ್ದೀರಿ, ತೋರಿಸಿ ಎಂದರು.

ನಾನಲ್ಲ, ನನ್ನ ಮಗಳು ಮಾಡಿದ್ದು ಎಂದೆ.

ಅಪ್ಪ